ದೊಡ್ಡ ವಿಮಾನದ ದಾರಿಯಲ್ಲಿ ಚಿಕ್ಕ ವಿಮಾನ

2021ರ ಏಪ್ರಿಲ್ 13ರ ನಸುಕಿನಲ್ಲಿ ಮಂಗಳೂರು ತೀರದಿಂದ ಸುಮಾರು 43 ನಾಟಿಕಲ್ ಮೈಲು ದೂರದ ಕಡಲಿನಲ್ಲಿ ಕೇರಳದ ಬೇಪೂರಿನ ಮೀನುಗಾರಿಕಾ ದೋಣಿಗೂ ವಿದೇಶಿ ಸರಕು ಹಡಗಿಗೂ ಡಿಕ್ಕಿಯಾಯಿತು. ದೋಣಿಯಲ್ಲಿದ್ದ 14 ಮಂದಿಯಲ್ಲಿ ಜೀವಂತವಾಗಿ ಸಿಕ್ಕವರು ಇಬ್ಬರು ಮಾತ್ರ. ಉಚ್ಚಿಲ, ಕಾಪು, ಮಲ್ಪೆಯ ಮೀನುಗಾರರಿಗೆ ಇಂತಹ ಅಪಾಯವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಕತ್ತಲ ಕಡಲಿನಲ್ಲಿ ಚಿಕ್ಕ ದೋಣಿ ದೊಡ್ಡ ಹಡಗಿನವರ ಕಣ್ಣಿಗೆ ಬೀಳುವುದೇ ಕಷ್ಟ. ಬಿದ್ದರೂ ಹಡಗನ್ನು ಥಟ್ಟನೆ ತಿರುಗಿಸಲಾಗದು. ದೋಣಿ ಎಲ್ಲಿದೆ ಎಂಬುದನ್ನು ತಿಳಿಸುವ ಟ್ರಾನ್ಸ್‌ಪಾಂಡರ್ ಸಾಧನವನ್ನು ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಅಳವಡಿಸುವ ಯೋಜನೆಗೆ ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಚಾಲನೆ ನೀಡಿದ್ದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣ ಕ್ರಮ.

ಕಡಲಿಗೆ ಅನ್ವಯಿಸುವ ಈ ವಿವೇಕ ಆಕಾಶಕ್ಕೂ ಅನ್ವಯಿಸಬೇಕು. ಉಚ್ಚಿಲದಿಂದ ಬಜ್ಪೆಯ ವಿಮಾನ ನಿಲ್ದಾಣಕ್ಕೆ ನೇರ ಅಂತರ ಮೂವತ್ತು ಕಿಲೋಮೀಟರಿಗೂ ಕಡಿಮೆ. ಒಂದು ವಿಮಾನಕ್ಕೆ ಇದು ಕೆಲವೇ ನಿಮಿಷಗಳ ದಾರಿ. ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರನ್ನು ಕಾಣುವ ಈ ನಿಲ್ದಾಣದ ಸುತ್ತಲಿನ ಬಾನು ಇದುವರೆಗೆ ಬಹುಮಟ್ಟಿಗೆ ದೊಡ್ಡ ವಿಮಾನಗಳದ್ದೇ ಆಗಿದೆ. ಆದರೆ ಈ ಸ್ಥಿತಿ ಹೀಗೆಯೇ ಉಳಿಯುತ್ತದೆ ಎನ್ನಲಾಗದು. ಆದಿ ಉಡುಪಿಯ ಹೆಲಿಪ್ಯಾಡ್‌ಗೆ ಗಣ್ಯರ ಹೆಲಿಕಾಪ್ಟರ್‌ಗಳು ಬಂದಿಳಿಯುವುದು ಹೊಸದಲ್ಲ. ಉಡಾನ್ ಯೋಜನೆಯಡಿ ಸಮುದ್ರ ವಿಮಾನಗಳ ಹಾರಾಟಕ್ಕೆ ಕೇಂದ್ರವು 2024ರಲ್ಲಿ ಮಾರ್ಗಸೂಚಿ ಪ್ರಕಟಿಸಿದೆ. ಕರಾವಳಿಯಲ್ಲಿ ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ಹೆಲಿಕಾಪ್ಟರ್ ಮತ್ತು ಸಮುದ್ರ ವಿಮಾನದ ಪ್ರಸ್ತಾಪವೂ ಬರುತ್ತದೆ. ಚಿಕ್ಕ ವಿಮಾನಗಳು ಬರುವುದು ತಪ್ಪಲ್ಲ. ಅವು ಬರುವ ಮೊದಲು ಬಾನಿನಲ್ಲಿ ದಾರಿ ಹಂಚಿಕೊಳ್ಳುವ ವ್ಯವಸ್ಥೆ ಆಗಿರುತ್ತದೆಯೇ ಎಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ಕಡೆಗಣಿಸಿದ್ದಕ್ಕೆ ಅಮೆರಿಕ ತೆತ್ತ ಬೆಲೆ ದೊಡ್ಡದು. 1978ರ ಸೆಪ್ಟೆಂಬರ್ 25ರಂದು ಸ್ಯಾನ್ ಡಿಯಾಗೊ ನಗರದ ಮೇಲೆ ಬೋಯಿಂಗ್ 727 ವಿಮಾನವು ಪುಟ್ಟ ಸೆಸ್ನಾ ವಿಮಾನಕ್ಕೆ ಬಡಿಯಿತು. ನೆಲದ ಮೇಲಿದ್ದ ಏಳು ಮಂದಿ ಸೇರಿ 144 ಜನ ಸತ್ತರು. ಸೆಸ್ನಾ ಇರುವುದನ್ನು ನಿಯಂತ್ರಕರು ತಿಳಿಸಿದ್ದರು, ಬೋಯಿಂಗ್‌ನ ಪೈಲಟ್‌ಗಳು ಅದನ್ನು ಕಂಡಿದ್ದೇವೆ ಎಂದೂ ಹೇಳಿದ್ದರು. ಆ ಬಳಿಕ ಅದು ಅವರ ಕಣ್ಣಿನಿಂದ ಮರೆಯಾಯಿತು. 1986ರ ಆಗಸ್ಟ್ 31ರಂದು ಲಾಸ್ ಏಂಜಲೀಸ್ ಬಳಿಯ ಸೆರಿಟೋಸ್‌ನಲ್ಲಿ ಪುಟ್ಟ ಪೈಪರ್ ವಿಮಾನವೊಂದು ಅನುಮತಿಯಿಲ್ಲದೆ ನಿಯಂತ್ರಿತ ವಾಯುಪ್ರದೇಶದೊಳಗೆ ಬಂದು ಏರೋಮೆಕ್ಸಿಕೊದ ಡಿಸಿ-9 ವಿಮಾನಕ್ಕೆ ಡಿಕ್ಕಿಯಾಯಿತು. ಸತ್ತವರು 82 ಮಂದಿ. ಪೈಪರ್‌ನಲ್ಲಿ ಟ್ರಾನ್ಸ್‌ಪಾಂಡರ್ ಇತ್ತು. ಆದರೆ ತಾನು ಎಷ್ಟು ಎತ್ತರದಲ್ಲಿದ್ದೇನೆ ಎಂಬುದನ್ನು ತಿಳಿಸುವ ಸಾಮರ್ಥ್ಯ ಅದಕ್ಕಿರಲಿಲ್ಲ.

ಪೈಲಟ್‌ಗಳು ಕಣ್ಣು ತೆರೆದು ನೋಡಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಎರಡು ವಿಮಾನಗಳು ಒಟ್ಟು ಗಂಟೆಗೆ 600 ಕಿಲೋಮೀಟರ್ ವೇಗದಲ್ಲಿ ಪರಸ್ಪರ ಸಮೀಪಿಸುತ್ತಿದ್ದರೆ, ನಡುವಿನ ಹತ್ತು ಕಿಲೋಮೀಟರ್ ಅಂತರ ಒಂದೇ ನಿಮಿಷದಲ್ಲಿ ಕರಗಿಹೋಗುತ್ತದೆ. ಡಿಕ್ಕಿಯ ಹಾದಿಯಲ್ಲಿರುವ ವಿಮಾನ ಕಿಟಕಿಯ ಗಾಜಿನಲ್ಲಿ ಆಚೀಚೆ ಸರಿಯದೆ ಒಂದೇ ಕಡೆ ಚುಕ್ಕೆಯಂತೆ ನಿಂತಿರುತ್ತದೆ. ಚಲಿಸುವ ವಸ್ತುವನ್ನು ಬೇಗ ಗುರುತಿಸುವ ನಮ್ಮ ಕಣ್ಣು, ನಿಂತ ಚುಕ್ಕೆಯನ್ನು ಸುಲಭವಾಗಿ ಗುರುತಿಸದು. ಮಳೆಗಾಲದಲ್ಲಿ ಗುಡ್ಡದ ನೆತ್ತಿಯ ಮೇಲಿನ ಬಜ್ಪೆಯ ರನ್‌ವೇಗೆ ಇಳಿಯುವ ಪೈಲಟ್‌ನ ಗಮನವೆಲ್ಲ ರನ್‌ವೇಯ ಮೇಲೆಯೇ ಇರಬೇಕಾಗುತ್ತದೆ. ಚಿಕ್ಕ ವಿಮಾನವನ್ನು ಹುಡುಕುವ ಹೊಣೆಯನ್ನೂ ಅವರ ತಲೆಗೆ ಕಟ್ಟುವುದು ವಿವೇಕವಲ್ಲ.

ಸೆರಿಟೋಸ್ ದುರಂತದ ಬಳಿಕ ಅಮೆರಿಕ ಎರಡು ಕೆಲಸ ಮಾಡಿತು. ದೊಡ್ಡ ವಿಮಾನಗಳಲ್ಲಿ ಡಿಕ್ಕಿ ತಪ್ಪಿಸುವ ‘ಟಿಕಾಸ್’ ಸಾಧನವನ್ನು ಕಡ್ಡಾಯ ಮಾಡಿತು. ಪ್ರಮುಖ ನಿಲ್ದಾಣಗಳ ಸುತ್ತ 30 ನಾಟಿಕಲ್ ಮೈಲಿನೊಳಗೆ ಹಾರುವ ವಿಮಾನಗಳು ಎತ್ತರವನ್ನು ತಿಳಿಸುವ ಟ್ರಾನ್ಸ್‌ಪಾಂಡರ್ ಹೊಂದಿರಬೇಕೆಂದು ವಿಧಿಸಿತು. ಇವೆರಡೂ ಒಂದನ್ನೊಂದು ಅವಲಂಬಿಸಿವೆ. ಸುತ್ತಲಿನ ಟ್ರಾನ್ಸ್‌ಪಾಂಡರ್‌ಗಳನ್ನು ಪ್ರಶ್ನಿಸಿ, ಬರುವ ಉತ್ತರದಿಂದ ಅಪಾಯವನ್ನು ಲೆಕ್ಕ ಹಾಕುವುದು ಟಿಕಾಸ್‌ನ ಕ್ರಮ. ಚಿಕ್ಕ ವಿಮಾನ ತನ್ನ ಎತ್ತರವನ್ನು ತಿಳಿಸದಿದ್ದರೆ ಮೇಲಕ್ಕೇರಬೇಕೋ ಕೆಳಗಿಳಿಯಬೇಕೋ ಎಂಬ ಸೂಚನೆಯನ್ನು ಅದು ನೀಡಲಾರದು. ಟ್ರಾನ್ಸ್‌ಪಾಂಡರ್ ಇಲ್ಲದ ವಿಮಾನವಂತೂ ಅದರ ಪಾಲಿಗೆ ಇಲ್ಲವೇ ಇಲ್ಲ.

ಯಂತ್ರವೊಂದೇ ಸಾಲದು ಎಂಬುದಕ್ಕೆ 2025ರ ಜನವರಿ 29ರ ವಾಷಿಂಗ್ಟನ್ ದುರಂತ ಸಾಕ್ಷಿ. ಇಳಿಯುತ್ತಿದ್ದ ಪ್ರಯಾಣಿಕರ ವಿಮಾನಕ್ಕೂ ಸೇನಾ ಹೆಲಿಕಾಪ್ಟರ್‌ಗೂ ಡಿಕ್ಕಿಯಾಗಿ 67 ಮಂದಿ ಸತ್ತರು. ವಿಮಾನ ಕಂಡಿದೆ, ದೂರ ಉಳಿಯುತ್ತೇವೆ ಎಂದು ಹೆಲಿಕಾಪ್ಟರ್‌ನವರು ನಿಯಂತ್ರಕರಿಗೆ ಹೇಳಿದ್ದರು. ಆದರೆ ಹೆಲಿಕಾಪ್ಟರ್ ಅಲ್ಲಿ ನಿಗದಿಯಾಗಿದ್ದ 200 ಅಡಿಯ ಮಿತಿಗಿಂತ ಮೇಲಿತ್ತು. ನೆಲಕ್ಕೆ ಅಷ್ಟು ಸಮೀಪದಲ್ಲಿ ಟಿಕಾಸ್ ತಪ್ಪಿಸಿಕೊಳ್ಳುವ ಸೂಚನೆ ನೀಡುವುದಿಲ್ಲ. ಹೆಲಿಕಾಪ್ಟರ್‌ನ ದಾರಿಯೇ ವಿಮಾನ ಇಳಿಯುವ ದಾರಿಗೆ ಅಡ್ಡಲಾಗಿದ್ದರೆ, ಸಣ್ಣ ತಪ್ಪಿಗೂ ಅಲ್ಲಿ ಕ್ಷಮೆಯಿಲ್ಲ.

ಈ ಪಾಠ ನಮಗೆ ಅಪರಿಚಿತವೇನಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ದೊಡ್ಡ ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತಾಗ, ದೆಹಲಿಯ ನಿಯಂತ್ರಕರ ರೇಡಾರ್ ಪರದೆಯ ಮೇಲೆ ವಿಮಾನಗಳ ಎತ್ತರ ಕಾಣುತ್ತಿರಲಿಲ್ಲ. ಅನಂತರವೇ ಭಾರತವು ಟಿಕಾಸ್ ಮಾದರಿಯ ಸಾಧನವನ್ನು ಕಡ್ಡಾಯಗೊಳಿಸಿತು. ಅದರ ಫಲವನ್ನು 2018ರ ಜುಲೈ 10ರಂದು ಬೆಂಗಳೂರಿನ ವಾಯುಪ್ರದೇಶದಲ್ಲಿ ಕಂಡೆವು. ಇಂಡಿಗೊದ ಎರಡು ವಿಮಾನಗಳು ಮೇಲೆ ಕೆಳಗೆ ಕೇವಲ 200 ಅಡಿಯಷ್ಟು ಹತ್ತಿರ ಬಂದಿದ್ದವು. ಟಿಕಾಸ್ ಎಚ್ಚರಿಸಿದ್ದರಿಂದ ಅನಾಹುತ ತಪ್ಪಿತು.

ಬೆಂಗಳೂರಿನ ಅನುಭವ ಕರಾವಳಿಗೆ ಇನ್ನೊಂದು ಕಾರಣಕ್ಕೂ ಮುಖ್ಯ. 2008ರಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾದಾಗ ಯಲಹಂಕದ ವಾಯುಪಡೆ ನೆಲೆ, ಎಚ್‌ಎಎಲ್ ನಿಲ್ದಾಣ, ಹಲವು ಪೀಳಿಗೆಯ ಪೈಲಟ್‌ಗಳಿಗೆ ತರಬೇತಿ ನೀಡಿದ ಜಕ್ಕೂರು ವಾಯುನೆಲೆ ಅಲ್ಲಿ ಮೊದಲೇ ಇದ್ದವು. ಒಂದೇ ನಗರದ ಬಾನನ್ನು ಪ್ರಯಾಣಿಕರ ವಿಮಾನ, ಯುದ್ಧವಿಮಾನ, ತರಬೇತಿ ವಿಮಾನ ಹಂಚಿಕೊಳ್ಳಬೇಕಾಯಿತು. ಯಲಹಂಕದಲ್ಲಿ ಏರೋ ಇಂಡಿಯಾ ನಡೆದಾಗಲೆಲ್ಲ ದೇವನಹಳ್ಳಿಯಲ್ಲಿ ದಿನದ ಕೆಲವು ಗಂಟೆ ಹಾರಾಟ ನಿಲ್ಲಿಸುವುದು ಈ ಇಕ್ಕಟ್ಟಿನ ಫಲ. ಜಾಗವನ್ನು ಹಂಚಲಾಗದಿದ್ದಾಗ ಸಮಯವನ್ನು ಹಂಚಬೇಕಾಗುತ್ತದೆ. ಎಲ್ಲವೂ ಬೆಳೆದ ಮೇಲೆ ಗಡಿ ಎಳೆಯಲು ಹೊರಟರೆ ಇದೇ ಗತಿ.

ಮಂಗಳೂರು ಮತ್ತು ಉಡುಪಿಯ ಬಾನು ಇನ್ನೂ ಇಷ್ಟು ಇಕ್ಕಟ್ಟಾಗಿಲ್ಲ. ಆದ್ದರಿಂದ ಈಗಲೇ ಮಾಡಬಹುದಾದ ಕೆಲಸಗಳಿವೆ. ಪ್ರವಾಸಿ ಹೆಲಿಕಾಪ್ಟರ್ ಇರಲಿ, ಸಮುದ್ರ ವಿಮಾನ ಇರಲಿ, ಅವುಗಳ ದಾರಿ ಮತ್ತು ಎತ್ತರವನ್ನು ಬಜ್ಪೆಯ ಏರುವ, ಇಳಿಯುವ ದಾರಿಗಳಿಂದ ದೂರವಿಟ್ಟು ನಿಗದಿಪಡಿಸಬೇಕು. ಎತ್ತರ ತಿಳಿಸುವ ಟ್ರಾನ್ಸ್‌ಪಾಂಡರ್ ಇಲ್ಲದ ಯಾವ ವಿಮಾನಕ್ಕೂ ಈ ವಲಯದಲ್ಲಿ ವಿನಾಯಿತಿ ಕೂಡದು; ಅದು ಗಣ್ಯರ ಪ್ರಯಾಣವಾದರೂ ಸರಿ, ಹಬ್ಬದ ದಿನದ ಮೋಜಿನ ಹಾರಾಟವಾದರೂ ಸರಿ. ಬಜ್ಪೆ ನಿಲ್ದಾಣದ ನಿರ್ವಹಣೆ 2020ರಲ್ಲಿ ಖಾಸಗಿಯವರ ಕೈಗೆ ಹೋಗಿದ್ದರೂ ವಾಯು ಸಂಚಾರ ನಿಯಂತ್ರಣ ವಿಮಾನ ನಿಲ್ದಾಣ ಪ್ರಾಧಿಕಾರದಲ್ಲೇ ಉಳಿದಿದೆ. ಹಾರಾಟ ಹೆಚ್ಚಿಸುವ ಮೊದಲು ನಿಯಂತ್ರಕರ ಸಂಖ್ಯೆಯನ್ನೂ ಹೆಚ್ಚಿಸುವುದು ಪ್ರಾಧಿಕಾರದ ಹೊಣೆ.

ಇದರಿಂದ ಚಿಕ್ಕ ವಿಮಾನಗಳ ವೆಚ್ಚ ಹೆಚ್ಚುತ್ತದೆ, ತರಬೇತಿ ಶಾಲೆಗಳಿಗೆ ಹೊರೆಯಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಮುಂದೆ ದೊಡ್ಡ ವಿಮಾನ ನಡೆಸುವವರು ಮೊದಲು ಹಾರಲು ಕಲಿಯುವುದು ಚಿಕ್ಕ ವಿಮಾನದಲ್ಲೇ; ಅವರನ್ನು ಬಾನಿನಿಂದ ಓಡಿಸುವುದು ಪರಿಹಾರವಾಗದು. ಮೀನುಗಾರರ ದೋಣಿಗೆ ಸರ್ಕಾರ ನೆರವಾದಂತೆಯೇ ತರಬೇತಿ ಶಾಲೆಗಳಿಗೂ ಈ ಸಾಧನಕ್ಕಾಗಿ ನೆರವಾಗಬಹುದು. ಉಚ್ಚಿಲದ ದೋಣಿಯೊಂದು ಕಡಲಿಗಿಳಿಯುವಾಗ ತಾನು ಎಲ್ಲಿದ್ದೇನೆ ಎಂಬುದನ್ನು ತಿಳಿಸಬೇಕು ಎಂದು ನಾವು ಬಯಸುತ್ತೇವೆ. ಅದರ ಮೇಲಿನ ಬಾನಿನಲ್ಲಿ ಹಾರುವವರಿಂದಲೂ ಅಷ್ಟನ್ನೇ ಕೇಳುವುದು ಹೆಚ್ಚೇನಲ್ಲ.