ಬೇಲಿಯಾಚೆ ಚಾಚಿದ ಕೊಂಬೆ: ಹೊಣೆ ಯಾರದು?

ಮುಂಗಾರಿನ ಮೊದಲ ಗಾಳಿ ಬೀಸಿತೆಂದರೆ ನಮ್ಮ ಪಟ್ಟಣಗಳ ಬೀದಿಗಳಲ್ಲಿ ಕೊಂಬೆಗಳು ಮುರಿದು ಬೀಳುವುದು ಪ್ರತಿವರ್ಷದ ಮಾತು. ಬೇರು ಕಾಂಪೌಂಡಿನ ಒಳಗೆ, ಕೊಂಬೆ ರಸ್ತೆಯ ಮೇಲೆ. ನೆರಳು ಎಲ್ಲರಿಗೂ, ಕಾಯಿ ಮಾಲೀಕನಿಗೆ, ಪೆಟ್ಟು ಮಾತ್ರ ದಾರಿಹೋಕನಿಗೆ. ಕಾರಿನಲ್ಲಿ ಹೋಗುವವನ ತಲೆಯ ಮೇಲೆ ತಗಡಾದರೂ ಇದೆ. ಸೈಕಲ್ಲಿನ ಹಾಲಿನವನಿಗೆ, ತಳ್ಳುಗಾಡಿಯ ತರಕಾರಿಯವಳಿಗೆ, ಶಾಲೆಗೆ ನಡೆದು ಹೋಗುವ ಮಗುವಿಗೆ ಅದೂ ಇಲ್ಲ. ಅನಾಹುತವಾದ ಮೇಲೆ ಮಾಲೀಕರು "ದೈವೇಚ್ಛೆ" ಎನ್ನುತ್ತಾರೆ. ಪುರಸಭೆಯವರು "ಮರ ಖಾಸಗಿಯದು" ಎನ್ನುತ್ತಾರೆ. ಈ ಎರಡು ಮಾತುಗಳನ್ನೂ ಜನರು ಸುಮ್ಮನೆ ಒಪ್ಪಿಕೊಳ್ಳಬೇಕಾಗಿಲ್ಲ.

ಮೊದಲು ಮಾಲೀಕರ ಮಾತು. ಮರ ಬಿದ್ದ ಮಾತ್ರಕ್ಕೇ ಮಾಲೀಕ ತಪ್ಪಿತಸ್ಥನಾಗುವುದಿಲ್ಲ. 1926ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು, ರಸ್ತೆಯ ಮೇಲೆ ಚಾಚಿದ್ದ ಬೀಚ್ ಮರದ ಕೊಂಬೆ ಬಸ್ಸಿನ ಮೇಲೆ ಬಿದ್ದ ಪ್ರಕರಣದಲ್ಲಿ ಮಾಲೀಕನನ್ನು ಹೊಣೆಯಿಂದ ಬಿಟ್ಟಿತು. ಕೊಂಬೆಯ ದೋಷ ಒಳಗೇ ಅಡಗಿತ್ತು, ಎಚ್ಚರದಿಂದ ನೋಡಿದ್ದರೂ ಕಾಣುವಂತಿರಲಿಲ್ಲ ಎಂಬುದೇ ಕಾರಣ. ಇದರ ಇನ್ನೊಂದು ಮುಖವನ್ನೂ ನಾವು ಗಮನಿಸಬೇಕು. ಒಣಗಿದ ಕೊಂಬೆ, ಟೊಳ್ಳಾದ ಬುಡ, ರಸ್ತೆಯ ಕಡೆಗೆ ವಾಲಿದ ಕಾಂಡ ಇವು ಕಣ್ಣಿಗೆ ಕಾಣುವ ಅಪಾಯಗಳು. ಕಂಡೂ ಸುಮ್ಮನಿದ್ದವನಿಗೆ, ನೋಡಬೇಕಾಗಿದ್ದೂ ನೋಡದವನಿಗೆ ಗಾಳಿಯ ನೆಪ ಸಲ್ಲದು.

ಇನ್ನು ಪುರಸಭೆಯ ಮಾತು. 1964ರಲ್ಲಿ ದಿಲ್ಲಿಯಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದವರೊಬ್ಬರ ತಲೆಯ ಮೇಲೆ ರಸ್ತೆಬದಿಯ ಮರದ ಕೊಂಬೆ ಬಿದ್ದು ಅವರು ಸತ್ತರು. ಮರ ನಗರಸಭೆಯದು. ಅವರ ಸಂಸಾರ ಪರಿಹಾರ ಕೇಳಿತು, ನಗರಸಭೆ ಕೊಡಲೊಪ್ಪಲಿಲ್ಲ. ಮೊಕದ್ದಮೆ ನಡೆದು ನಡೆದು ಸುಪ್ರೀಂ ಕೋರ್ಟಿನ ಕೊನೆಯ ತೀರ್ಪು ಬಂದದ್ದು 1999ರಲ್ಲಿ. 35 ವರ್ಷಗಳ ಮೇಲೆ! ಮರಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿ, ಅಪಾಯವಾದವನ್ನು ತೆಗೆಸುವುದು ನಗರಸಭೆಯ ಕರ್ತವ್ಯ, ಅದನ್ನು ಮಾಡದ್ದರಿಂದ ನಗರಸಭೆಯೇ ಹೊಣೆ ಎಂದು ಕೋರ್ಟು ಹೇಳಿತು. ತೀರ್ಪು ನ್ಯಾಯವಾದದ್ದೇ. ಆದರೆ ತಂದೆಯನ್ನು ಕಳೆದುಕೊಂಡ ಮಕ್ಕಳು ನ್ಯಾಯ ಕಾಣುವ ಹೊತ್ತಿಗೆ ತಾವೇ ನಡುವಯಸ್ಸಿನವರಾಗಬೇಕೆಂದರೆ ಅದೆಂಥ ವ್ಯವಸ್ಥೆ?

ಅದು ನಗರಸಭೆಯದೇ ಮರವಾಗಿತ್ತು, ಖಾಸಗಿ ಮರಕ್ಕೂ ನಮಗೂ ಸಂಬಂಧವಿಲ್ಲ ಎಂದು ಅಧಿಕಾರಿಗಳು ಹೇಳಬಹುದು. ಆದರೆ ರಸ್ತೆ ಯಾರದು? ಕರ್ನಾಟಕದ ಮಹಾನಗರಪಾಲಿಕೆಗಳ 1976ರ ಕಾಯ್ದೆಯನ್ನೇ ನೋಡಿ. ಮರವಾಗಲಿ, ಕೊಂಬೆಯಾಗಲಿ, ಅದರ ಕಾಯಿಯೇ ಆಗಲಿ ಬಿದ್ದು ಜನರಿಗೆ ಅಪಾಯವಾಗುವಂತಿದ್ದರೆ, ಅದನ್ನು ಕತ್ತರಿಸಬೇಕೆಂದು ಮಾಲೀಕನಿಗೆ ನೋಟೀಸು ಕೊಡುವ ಅಧಿಕಾರ ಆಯುಕ್ತರಿಗಿದೆ. ರಸ್ತೆಗೆ ಬಾಗಿದ ತೆಂಗಿನ ಮರವೂ ಇದರಲ್ಲಿ ಸೇರಿತು. ಅಧಿಕಾರ ಇದ್ದಲ್ಲಿ ಹೊಣೆಯೂ ಇರಬೇಕು. ನೋಟೀಸು ಕೊಡಬಲ್ಲವರು ಕೊಡದೆ ಕೂತರೆ ಅವರೂ ಉತ್ತರ ಹೇಳಬೇಕೆಂಬುದೇ ನಮ್ಮ ವಾದ.

ಹಾಗೆಂದು ಮಾಲೀಕರೆಲ್ಲ ಒಂದೇ ಅಲ್ಲ. ಎಕರೆಗಟ್ಟಲೆ ತೋಟವಿದ್ದು ಫಸಲು ಮಾರುವವರಿದ್ದಾರೆ. ಹಿತ್ತಲಲ್ಲಿ ಒಂದೇ ಹಲಸಿನ ಮರವಿರುವ ವಿಧವೆಯೂ ಇದ್ದಾಳೆ. ಮರ ಹತ್ತುವ ಆಳಿನ ಕೂಲಿ, ಹಗ್ಗ, ಸಾಗಾಣಿಕೆ ಎಲ್ಲ ಸೇರಿದರೆ ಆ ತಾಯಿಗೆ ತಿಂಗಳ ಅನ್ನವೇ ಹೋದೀತು. ಅಷ್ಟೇ ಅಲ್ಲ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿರುವ ಕಡೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಕೊಂಬೆ ಸವರುವುದನ್ನೂ ಆ ಕಾಯ್ದೆ ಕಡಿಯುವುದೆಂದೇ ಎಣಿಸುತ್ತದೆ. ಪ್ರಾಣಕ್ಕೋ ಆಸ್ತಿಗೋ ಅಪಾಯವಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ ಅನುಮತಿ ನಿರಾಕರಿಸಬಾರದೆಂದು ಅದೇ ಕಾಯ್ದೆ ಹೇಳುತ್ತದೆ, ನಿಜ. ಆದರೆ ಒಂದು ಕಚೇರಿ "ಕಡಿ" ಎಂದು, ಇನ್ನೊಂದು "ಅರ್ಜಿ ಹಾಕಿ ಕಾಯಿ" ಎಂದು ಹೇಳಿದರೆ ಬಡವಿ ಯಾವ ಬಾಗಿಲಿಗೆ ಅಲೆಯಬೇಕು?

ಮರ ಮೊದಲೇ ಇದ್ದು, ರಸ್ತೆ ಅಗಲವಾಗಿ ಅದರ ಬುಡದವರೆಗೆ ಬಂದ ಉದಾಹರಣೆಗಳೂ ಇವೆ. 2003ರ ವಿದ್ಯುತ್ ಕಾಯ್ದೆಯಲ್ಲಿ ಇದಕ್ಕೊಂದು ಒಳ್ಳೆಯ ದಾರಿಯಿದೆ. ತಂತಿ ಎಳೆಯುವ ಮೊದಲೇ ಇದ್ದ ಮರವನ್ನು ತಂತಿಗಾಗಿ ತೆಗೆಸಿದರೆ ಮಾಲೀಕನಿಗೆ ಪರಿಹಾರ ಸಲ್ಲಬೇಕು. ತಂತಿಗೆ ಸಲ್ಲುವ ನ್ಯಾಯ ರಸ್ತೆಗೆ ಏಕೆ ಸಲ್ಲಬಾರದು?

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಪುರಸಭೆ ಮತ್ತು ಪಂಚಾಯಿತಿಗಳು ರಸ್ತೆಯ ಮೇಲೆ ಚಾಚಿದ ಮರಗಳನ್ನೆಲ್ಲ, ಖಾಸಗಿಯವನ್ನೂ ಸೇರಿಸಿ, ಪರೀಕ್ಷಿಸಿ ಪಟ್ಟಿ ಪ್ರಕಟಿಸಲಿ. ನೋಟೀಸಿನ ಜೊತೆಗೇ ವೃಕ್ಷಾಧಿಕಾರಿಯ ಅನುಮತಿಯೂ ಬರಲಿ. ಉಳ್ಳವರು ತಮ್ಮ ಖರ್ಚಿನಲ್ಲಿ ಕತ್ತರಿಸಲಿ. ಇಲ್ಲದವರ ಖರ್ಚನ್ನು ಪುರಸಭೆ ಹೊರಲಿ. ಕೊಂಬೆ ಸವರುವ ನೆಪದಲ್ಲಿ ಬುಡಕ್ಕೇ ಕೊಡಲಿ ಹಾಕಿ ದಿಮ್ಮಿ ಸಾಗಿಸುವ ಗುತ್ತಿಗೆದಾರರಿಗೆ ಇದು ದಾರಿಯಾಗಕೂಡದು. ನೆರಳೂ ಬಡವರ ಆಸ್ತಿಯೇ.

ಅಲ್ಲಿಯವರೆಗೆ ಓದುಗರು ಕೈಕಟ್ಟಿ ಕೂರಬೇಕಾಗಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮು ಈಗ, 2024ರ ಜುಲೈ 1ರಿಂದ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಾಗಿದೆ. ಬೀಳುವಂತಿರುವ ಮರವನ್ನು ತೆಗೆಯಿರಿ ಅಥವಾ ಆನಿಕೆ ಕೊಡಿರಿ ಎಂದು ಮಾಲೀಕನಿಗೆ ಆಜ್ಞೆ ಮಾಡುವ ಅಧಿಕಾರ ಅದರಂತೆ ಉಪವಿಭಾಗದ ಮ್ಯಾಜಿಸ್ಟ್ರೇಟರಿಗಿದೆ. ಇದಕ್ಕೆ ಪೊಲೀಸ್ ವರದಿಯೇ ಬೇಕೆಂದಿಲ್ಲ, ನಾಗರಿಕರ ಅರ್ಜಿಯೂ ಸಾಕು. ಬೀದಿಯವರು ಹತ್ತು ಜನ ಸಹಿ ಮಾಡಿ, ಮರ ಇರುವ ಜಾಗ ಬರೆದು ಅರ್ಜಿ ಕೊಡಿ. ಒಂದು ಪ್ರತಿ ಪುರಸಭೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಚೀಟಿ ಕೈಯಲ್ಲಿದ್ದರೆ "ನಮಗೆ ತಿಳಿದಿರಲಿಲ್ಲ" ಎನ್ನುವ ಬಾಯಿ ಮುಚ್ಚುತ್ತದೆ. ದುರ್ದೈವದಿಂದ ಸಾವೇ ಸಂಭವಿಸಿದರೆ, 1855ರ ಮಾರಕ ಅಪಘಾತಗಳ ಕಾಯ್ದೆಯಂತೆ ಪರಿಹಾರದ ದಾವೆಯನ್ನು ಸಾವಿನ ದಿನದಿಂದ 2 ವರ್ಷದೊಳಗೆ ಹೂಡಬೇಕು. ಇದನ್ನು ತಿಳಿಯದೆ ಹಕ್ಕು ಕಳೆದುಕೊಳ್ಳುವ ಸಂಸಾರ ನಮ್ಮ ಜಿಲ್ಲೆಯಲ್ಲಿ ಒಂದೂ ಇರಬಾರದು.