ಕಂತಿನಲ್ಲಿ ಮುಳುಗಿದ ಊರು

ಮಹಾಕೂಟದ ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತಾಗಲೆಲ್ಲ ನನಗೆ ನೆನಪಾಗುವುದು ಈಗ ಅಲ್ಲಿಲ್ಲದ ಒಂದು ಕಂಬ. ಬಾದಾಮಿ ಚಾಲುಕ್ಯರ ಮಂಗಳೇಶ ಸುಮಾರು ಸಾವಿರದ ನಾನೂರು ವರ್ಷಗಳ ಹಿಂದೆ ನಿಲ್ಲಿಸಿದ ಆ ಶಾಸನಸ್ತಂಭ ಇವತ್ತು ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಉತ್ತರ ದಿಕ್ಕನ್ನು ಗೆದ್ದು ಭಾಗೀರಥಿಯ ದಂಡೆಯ ಮೇಲೆ ಜಯಸ್ತಂಭ ನೆಡಬೇಕೆಂಬ ಆಸೆಯನ್ನು ರಾಜ ಅದರಲ್ಲಿ ಮುಚ್ಚಿಟ್ಟಿಲ್ಲ. ಆದರೆ ಮೊದಲು ಇಲ್ಲಿ, ಮಕುಟೇಶ್ವರನ ಸನ್ನಿಧಿಯಲ್ಲಿ ಧರ್ಮದ ಜಯಸ್ತಂಭ ನಿಲ್ಲಲಿ ಎಂದು ಮನಸ್ಸು ಮಾಡುತ್ತಾನೆ. ತಂದೆಯ ರಾಣಿ ದುರ್ಲಭದೇವಿಯನ್ನು ಕರೆದು ಮಾತಾಡುತ್ತಾನೆ. ಹತ್ತು ಹಳ್ಳಿಗಳ ಉತ್ಪನ್ನ ದೇವರಿಗೆ ಸೇರುತ್ತದೆ. ಇವತ್ತಿನ ಪಟ್ಟದಕಲ್ಲಾದ ಕಿಸುವೊಳಲೂ ಆ ಹತ್ತರಲ್ಲಿ ಒಂದು.

ಗಂಗೆಯ ದಂಡೆಗೆ ಮಂಗಳೇಶ ಮುಟ್ಟಲೇ ಇಲ್ಲ. ಇಲ್ಲಿಯ ಕಂಬ ನಿಂತಿತು. ಅದಕ್ಕೆ ಬೇಕಾದ ಹಣ, ಹಳ್ಳಿ, ಮನೆಯ ಹಿರಿಯರ ಒಪ್ಪಿಗೆ ಎಲ್ಲವೂ ಕಲ್ಲು ಏಳುವ ಮೊದಲೇ ಕೂಡಿಬಂದಿದ್ದವು ಎಂದು ನಾನು ಆ ಶಾಸನವನ್ನು ಓದಿಕೊಳ್ಳುತ್ತೇನೆ.

ಇವತ್ತಿನ ದೊಡ್ಡ ಕೆಲಸಗಳು ಹಾಗೆ ಎಲ್ಲ ಕೂಡಿಬಂದ ಮೇಲೆ ಶುರುವಾಗುವುದು ಅಪರೂಪ. ಈಗ ಜಗತ್ತಿನ ದೊಡ್ಡ ಹಣವೆಲ್ಲ ಡೇಟಾ ಸೆಂಟರುಗಳ ಕಡೆಗೆ ಹರಿಯುತ್ತಿದೆ. ನಮ್ಮ ಬ್ಯಾಂಕಿನ ಲೆಕ್ಕ, ಪಹಣಿ, ಮಕ್ಕಳ ಫೋಟೊ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಯಂತ್ರಬುದ್ಧಿ, ಎಲ್ಲವೂ ಅಂಥ ಕಟ್ಟಡಗಳಲ್ಲಿ ಕೂತಿವೆ. ಹೊರಗಿನಿಂದ ನೋಡಿದರೆ ಅದು ಕಿಟಕಿಯಿಲ್ಲದ ದೊಡ್ಡ ಗೋದಾಮು. ಗೋಡೆ, ಛಾವಣಿ ಏಳಲು ಬಹಳ ಕಾಲ ಬೇಕಿಲ್ಲ. ಆದರೂ ಹೇಳಿದ ದಿನಕ್ಕೆ, ಹೇಳಿದ ಹಣದಲ್ಲಿ ಮುಗಿಯುವಂಥವು ಕಡಿಮೆ. ಕಾಯಿಸುವುದು ಕಟ್ಟಡವಲ್ಲ, ಕರೆಂಟು. ಸಣ್ಣ ಪಟ್ಟಣವೊಂದು ಬಳಸುವಷ್ಟು ವಿದ್ಯುತ್ತನ್ನು ಇಂಥ ಒಂದೇ ಕಟ್ಟಡ ಬೇಡುತ್ತದೆ. ಅದಕ್ಕೆ ಬೇಕಾದ ದೊಡ್ಡ ಟ್ರಾನ್ಸ್‌ಫಾರ್ಮರನ್ನು ಇವತ್ತು ಕೇಳಿದರೆ ಕೈಗೆ ಬರಲು ಎರಡು, ಮೂರು ವರ್ಷ ಹಿಡಿಯುತ್ತದೆ. ಐರ್ಲೆಂಡಿನಲ್ಲಿ 2023ರ ಹೊತ್ತಿಗೆ ಇಡೀ ದೇಶದ ಮೀಟರಿಗೆ ಬಿದ್ದ ವಿದ್ಯುತ್ತಿನಲ್ಲಿ ನೂರಕ್ಕೆ 21 ಪಾಲು ಡೇಟಾ ಸೆಂಟರುಗಳಿಗೇ ಹೋಗುತ್ತಿತ್ತು. ಡಬ್ಲಿನ್ ಸುತ್ತ ಹೊಸಬರಿಗೆ ಸಂಪರ್ಕ ಕೊಡುವುದನ್ನೇ ಅಲ್ಲಿಯ ವಿದ್ಯುತ್ ಜಾಲದವರು ಬಹುಮಟ್ಟಿಗೆ ನಿಲ್ಲಿಸಿದರು.

ಇನ್ನೊಂದು ತೊಡಕು, ಕಟ್ಟುತ್ತಿರುವಾಗಲೇ ಒಳಗೆ ಕೂರುವ ಯಂತ್ರ ಬದಲಾಗುವುದು. ಯಂತ್ರಗಳ ಒಂದು ಕಪಾಟಿಗೆ ಹತ್ತು ಕಿಲೋವಾಟ್ ಸಾಕು ಎಂದು ನಕ್ಷೆ ಬರೆದಿರುತ್ತಾರೆ. ಗೋಡೆ ಮೇಲೇಳುವಷ್ಟರಲ್ಲಿ ನೂರಿಪ್ಪತ್ತು ಕಿಲೋವಾಟ್ ಬೇಡುವ ಹೊಸ ಯಂತ್ರ ಮಾರುಕಟ್ಟೆಗೆ ಬಂದಿರುತ್ತದೆ. ಗಾಳಿಯಿಂದ ತಣಿಸುವ ವ್ಯವಸ್ಥೆಯನ್ನು ಕಿತ್ತು ನೀರಿನ ಕೊಳವೆ ಎಳೆಯಬೇಕು. ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕು.

ಕೆಲಸದ ನಡುವೆ ಬದಲಿಸುವುದರ ಕಷ್ಟವನ್ನು ಇಳಕಲ್ಲಿನ ನೇಕಾರರು ಚೆನ್ನಾಗಿ ಬಲ್ಲರು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಆ ಕೊಂಡಿ ಬಿದ್ದ ಮೇಲೆ ಸೆರಗಿನ ಬಣ್ಣ ಬೇರೆ ಬೇಕೆಂದರೆ ಎಳೆ ಕತ್ತರಿಸಬೇಕಾಗುತ್ತದೆ. ಆದ್ದರಿಂದ ಗೊತ್ತಿದ್ದವರು ಕುಣಿ ಮಗ್ಗಕ್ಕೆ ಇಳಿಯುವ ಮೊದಲು ಗಿರಾಕಿಯ ಹತ್ತಿರ ಎರಡು ಸಲ, ಮೂರು ಸಲ ಕೇಳಿಕೊಳ್ಳುತ್ತಾರೆ. ಲಾಳಿ ಓಡುವ ಹೊತ್ತಿಗೆ ಯೋಚನೆಯ ಕೆಲಸ ಮುಗಿದಿರುತ್ತದೆ.

ಡೆನ್ಮಾರ್ಕಿನ ವಿದ್ವಾಂಸ ಬೆಂಟ್ ಫ್ಲ್ಯೂಬ್ಯಾರ್ಗ್ ಸೇತುವೆ, ರೈಲು, ಅಣೆಕಟ್ಟು, ಗಣಕ ಯೋಜನೆ ಎಂದು ಹದಿನಾರು ಸಾವಿರ ದೊಡ್ಡ ಕೆಲಸಗಳ ಲೆಕ್ಕ ಕೂಡಿಸಿದ್ದಾರೆ. ಹೇಳಿದ ಹಣದಲ್ಲಿ, ಹೇಳಿದ ಹೊತ್ತಿಗೆ ಮುಗಿದವು ನೂರಕ್ಕೆ ಎಂಟೂವರೆ ಮಾತ್ರ. ಮನುಷ್ಯನ ಅತಿ ಆಸೆ ಒಂದು ಕಾರಣ; ಮಂಜೂರಾತಿ ಸಿಗಲೆಂದು ಬೇಕಂತಲೇ ಕಡಿಮೆ ಬರೆಯುವುದು ಇನ್ನೊಂದು ಎನ್ನುತ್ತಾರೆ ಅವರು. ಎರಡೂ ನಿಜವೇ. ಆದರೆ ಬಾಗಲಕೋಟೆ ಜಿಲ್ಲೆಯಲ್ಲಿ ಬದುಕಿದವರಿಗೆ ಮೂರನೆಯದೊಂದು ಕಾರಣ ಕಣ್ಣಿಗೆ ಹೊಡೆದು ಕಾಣುತ್ತದೆ. ಅದನ್ನು ತಿಳಿಯಲು ಡಬ್ಲಿನ್‌ವರೆಗೆ ಹೋಗಬೇಕಿಲ್ಲ, ಆಲಮಟ್ಟಿಗೆ ಹೋದರೆ ಸಾಕು.

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ನದಿಯ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಐದು ದಿನಕ್ಕೆ ನೆಹರೂ ತೀರಿಕೊಂಡರು, ಶಾಸ್ತ್ರಿಯವರು ಪ್ರಧಾನಿಯಾದರು. ಕೃಷ್ಣಾ ಮೇಲ್ದಂಡೆ ಯೋಜನೆಯ ಮೊದಲ ಹಂತಕ್ಕೆ ಆಗ ಹಾಕಿಕೊಂಡ ಅಂದಾಜು 58 ಕೋಟಿ ರೂಪಾಯಿಯ ಆಸುಪಾಸು. ಕೆಳಗಿನ ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಆಲಮಟ್ಟಿಯ ಕೆಲಸ ಮುಗಿದದ್ದು 2005ರಲ್ಲಿ. ಮರುವರ್ಷ ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದು ಲೋಕಾರ್ಪಣೆ ಮಾಡಿದರು. ಅಡಿಗಲ್ಲಿನ ದಿನ ಹುಟ್ಟಿದ ಮಗುವಿಗೆ ಆಗ 42 ವರ್ಷ.

ತಡಕ್ಕೆ ಕಾರಣಗಳನ್ನು ಕೇಳಿದರೆ ಎಲ್ಲರೂ ಮೊದಲು ಕೃಷ್ಣೆಯ ನೀರಿಗಾಗಿ ನಡೆದ ರಾಜ್ಯಗಳ ಜಗಳ ಹೇಳುತ್ತಾರೆ. ಅದು ಸುಳ್ಳಲ್ಲ. 1969ರಲ್ಲಿ ಬಚಾವತ್ ನ್ಯಾಯಾಧಿಕರಣ ರಚನೆಯಾಯಿತು, 1973ರಲ್ಲಿ ತೀರ್ಪು, 1976ರಲ್ಲಿ ಅದರ ಮುಂದುವರಿಕೆ. ಅಣೆಕಟ್ಟಿನ ಎತ್ತರದ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 2000ದ ಏಪ್ರಿಲ್‌ನಲ್ಲಿ ಸಮುದ್ರಮಟ್ಟದಿಂದ 519.6 ಮೀಟರಿಗೆ ಒಪ್ಪಿಗೆ ಸಿಕ್ಕಿತು. ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ 2010ರಲ್ಲಿ 524.256 ಮೀಟರಿಗೆ ಹಸಿರು ನಿಶಾನೆ ತೋರಿ, 2013ರಲ್ಲಿ ಅದನ್ನೇ ಖಚಿತಪಡಿಸಿತು. ಪ್ರಕರಣ ಸುಪ್ರೀಂ ಕೋರ್ಟಿನಲ್ಲಿದ್ದುದರಿಂದ ಆ ತೀರ್ಪು ಕೇಂದ್ರದ ಗೆಜೆಟ್ಟಿಗೆ ಏರದೆ ವರ್ಷಗಟ್ಟಲೆ ಕೂತಿತು.

ಇಷ್ಟು ಹೇಳಿ ಸುಮ್ಮನಾದರೆ ತಪ್ಪೆಲ್ಲ ಹೈದರಾಬಾದ್, ಮುಂಬೈ, ದಿಲ್ಲಿಯ ತಲೆಗೆ ಕಟ್ಟಿದಂತಾಗುತ್ತದೆ. ನಮ್ಮ ಕೈಯಲ್ಲಿದ್ದ ಕೆಲಸವನ್ನು ನಾವು ಮಾಡಿದೆವೇ? 1990ರ ದಶಕದಲ್ಲಿ ಈ ಯೋಜನೆಗೆ ಸಾಲ ಕೊಡುತ್ತಿದ್ದ ವಿಶ್ವಬ್ಯಾಂಕ್ ಹಣ ಬಿಡುಗಡೆಯನ್ನು ತಡೆಹಿಡಿಯಿತು. ಕಾಂಕ್ರೀಟು ಸರಿಯಿಲ್ಲವೆಂದಲ್ಲ, ಮುಳುಗಡೆಯಾಗುವ ಜನರ ಪುನರ್ವಸತಿ ಸರಿಯಿಲ್ಲವೆಂದು. ಗೋಡೆ ಏಳುತ್ತಿತ್ತು, ಅದರ ಹಿಂದಿನ ಜನ ಎಲ್ಲಿಗೆ ಹೋಗಬೇಕೆಂಬುದು ತೀರ್ಮಾನವಾಗಿರಲಿಲ್ಲ. ನಾನು ಹೇಳುವ ಮೂರನೆಯ ಕಾರಣ ಇದು. ಕಲ್ಲಿಗೆ ನಾವು ಇಡಿಯಾಗಿ ಯೋಚಿಸಿದೆವು, ಜನಕ್ಕೆ ಕಂತಿನಲ್ಲಿ ಯೋಚಿಸಿದೆವು.

ಬಾಗಲಕೋಟೆಯ ಹಳೆಯ ಪೇಟೆಯಲ್ಲಿ ಮನೆಯ ವಿಳಾಸಕ್ಕಿಂತ ಅದರ ಮೀಟರು ಮುಖ್ಯ. ಮೊದಲು 521 ಮೀಟರ್‌ವರೆಗಿನವರು ಮುಳುಗಡೆಯವರಿಗಾಗಿ ಕಟ್ಟಿದ ನವನಗರಕ್ಕೆ ಹೋದರು. ಆಮೇಲೆ 523ರವರೆಗಿನವರ ಸರದಿ ಬಂತು. ಅದಾದ ಮೇಲೆ 525ರವರೆಗಿನವರದು. ಅಣ್ಣ ನವನಗರದ ಒಂದು ಯುನಿಟ್ಟಿನಲ್ಲಿ, ತಮ್ಮ ಇನ್ನೂ ಹಳೆಯ ಮನೆಯಲ್ಲಿ. “ನಿಮ್ಮ ಮನಿ ಎಷ್ಟ ಮೀಟರಿಗೆ ಬರ್ತೈತ್ರಿ?” ಎಂದು ಬೀಗರ ಮನೆಯಲ್ಲಿ ಕೇಳುವುದನ್ನು ನಾನು ಕೇಳಿದ್ದೇನೆ. ಹೆಣ್ಣು ಕೊಡುವ ಮಾತು ಅದರ ಮೇಲೆ ನಿಂತಿತ್ತು. ಹೇಗೂ ಮುಳುಗುವ ಮನೆ ಎಂದು ಸೋರುವ ಮಾಳಿಗೆಗೆ ಹೊಸ ಮಣ್ಣು ಹಾಕದೆ, ಬಿದ್ದ ಗೋಡೆಗೆ ಗಿಲಾಯಿ ಮಾಡಿಸದೆ ಎರಡು ತಲೆಮಾರು ದಿನ ದೂಡಿದವರಿದ್ದಾರೆ. ಹೊಲದಲ್ಲಿ ಬಾವಿ ತೋಡಲೋ ಬೇಡವೋ, ದಾಳಿಂಬೆ ಗಿಡ ನೆಡಲೋ ಬೇಡವೋ ಎಂಬ ಪ್ರಶ್ನೆಗೆ ನದಿದಂಡೆಯ ಒಕ್ಕಲಿಗರಿಗೆ ಉತ್ತರವೇ ಇಲ್ಲ. ಯೋಜನಾ ವರದಿಯ ಯಾವ ಕೋಷ್ಟಕದಲ್ಲೂ ಈ ನಷ್ಟ ಕಾಣುವುದಿಲ್ಲ. ವೆಚ್ಚ ಹೆಚ್ಚಿತು ಎಂದು ನಾವು ಹೇಳುವಾಗ ಸರ್ಕಾರದ ಬೊಕ್ಕಸದ ವೆಚ್ಚವನ್ನಷ್ಟೇ ಹೇಳುತ್ತಿರುತ್ತೇವೆ.

ಆ ಬೊಕ್ಕಸದ ಲೆಕ್ಕವಾದರೂ ಏನು ಹೇಳುತ್ತದೆ? ಎತ್ತರವನ್ನು 524 ಮೀಟರಿಗೆ ಏರಿಸುವ ಮೂರನೆಯ ಹಂತಕ್ಕೆ 2012ರಲ್ಲಿ ಹಾಕಿದ ಅಂದಾಜು 17,207 ಕೋಟಿ. 2017ರಲ್ಲಿ ಅದು 51 ಸಾವಿರ ಕೋಟಿ ದಾಟಿತು. ಹೆಚ್ಚಿದ್ದರಲ್ಲಿ ಸಿಮೆಂಟು, ಕಬ್ಬಿಣದ ಪಾಲಿಗಿಂತ ಭೂಮಿಯದೇ ದೊಡ್ಡದು, ಏಕೆಂದರೆ ನಡುವೆ 2013ರ ಭೂಸ್ವಾಧೀನ ಕಾಯ್ದೆ ಬಂದಿತ್ತು. ಮೊದಲೇ ಜಮೀನು ಪಡೆದಿದ್ದರೆ ಹಳೆಯ ದರಕ್ಕೆ ಮುಗಿಯುತ್ತಿತ್ತಲ್ಲ ಎಂದು ಹಲವರು ಹಳಹಳಿಸುತ್ತಾರೆ. ಹಾಗಾಗಲಿಲ್ಲವೆಂಬುದಕ್ಕೆ ನನಗೆ ದುಃಖವಿಲ್ಲ. ಹಳೆಯ ದರ ರೈತನಿಗೆ ಅನ್ಯಾಯದ ದರವಾಗಿತ್ತು. ಅದಕ್ಕೇ ಜನ ಕೋರ್ಟಿಗೆ ಹೋದರು. 1894ರ ಕಾಯ್ದೆಯ ಪ್ರಕಾರ ನ್ಯಾಯಾಲಯ ಹೆಚ್ಚಿಸಿದ ಪರಿಹಾರಕ್ಕೆ ಮೊದಲ ವರ್ಷ ಶೇಕಡಾ 9, ಆಮೇಲೆ ಪ್ರತಿ ವರ್ಷ ಶೇಕಡಾ 15 ಬಡ್ಡಿ ಕೊಡಬೇಕಿತ್ತು. ನ್ಯಾಯದ ಬೆಲೆಯನ್ನು ಮೊದಲೇ ಕೊಟ್ಟು ಮುಗಿಸಿದ್ದರೆ ಉಳಿಯುತ್ತಿದ್ದ ಹಣ ಬಡ್ಡಿಯಾಗಿ, ವಕೀಲರ ಫೀಸಾಗಿ ಹೋಯಿತು. ರೈತನ ಕೈಗೆ ಅದು ಬಂದದ್ದು ಮಗಳ ಮದುವೆಯ ಸಾಲ ಬೆಳೆದ ಮೇಲೆ.

ಮೈಸೂರಿನ ಉದಾಹರಣೆ ಇಲ್ಲಿ ನೆನೆಯಬೇಕು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಹಿಡಿದಾಗ ಮದ್ರಾಸು ಒಪ್ಪಿದ್ದು 80 ಅಡಿಗೆ ಮಾತ್ರ. ವಿಶ್ವೇಶ್ವರಯ್ಯನವರು ಅಡಿಪಾಯವನ್ನು ಮಾತ್ರ ಮುಂದಿನ ಪೂರ್ಣ ಎತ್ತರಕ್ಕೆ ಬೇಕಾಗುವಷ್ಟು ಅಗಲವಾಗಿ ತೋಡಿಸಿದರು. ಜಗಳ ಮುಗಿಯುವವರೆಗೆ ಗೋಡೆ ಕಾದರೂ ತಳ ಕಾಯಬೇಕಾಗಿರಲಿಲ್ಲ. ಆಲಮಟ್ಟಿಯಲ್ಲಿ ಆ ಅಗಲ ಬೇಕಾಗಿದ್ದದ್ದು ಪುನರ್ವಸತಿಗೆ. 524 ಮೀಟರಿನ ಕನಸು ನ್ಯಾಯಾಧಿಕರಣದ ಮುಂದೆ ಇಟ್ಟ ದಿನವೇ ಅಷ್ಟೂ ಜನರ ಮನೆ, ಹೊಲದ ಇತ್ಯರ್ಥಕ್ಕೆ ಕೈ ಹಾಕಿದ್ದರೆ, ಕೋರ್ಟು ಎಷ್ಟು ವರ್ಷ ತೆಗೆದುಕೊಂಡರೂ ಊರು ಅಂತರದಲ್ಲಿ ತೂಗಾಡುತ್ತಿರಲಿಲ್ಲ.

ಪಟ್ಟದಕಲ್ಲಿಗೆ ಹೋದವರು ಸಂಗಮೇಶ್ವರ ಗುಡಿಯನ್ನು ನಿಧಾನವಾಗಿ ನೋಡಬೇಕು. ವಿಜಯಾದಿತ್ಯ ಕಟ್ಟಿಸಿದ ಆ ಗುಡಿಯ ಮಂಟಪ ಅವನ ಕಾಲಕ್ಕೆ ಮುಗಿಯಲಿಲ್ಲ. ಕೆತ್ತದೆ ಬಿಟ್ಟ ಕಲ್ಲುಗಳು ಈಗಲೂ ಹಾಗೇ ಇವೆ. ಪಕ್ಕದಲ್ಲೇ ಸೊಸೆ ಲೋಕಮಹಾದೇವಿಯ ವಿರೂಪಾಕ್ಷ, ಶಿಲ್ಪಿ ಗುಂಡ ಅನಿವಾರಿತಾಚಾರ್ಯನ ಹೆಸರು ಹೊತ್ತು, ಪೂರ್ತಿಯಾಗಿ ನಿಂತಿದೆ. ಗುಡಿ ಅರ್ಧಕ್ಕೆ ನಿಂತರೆ ಕಲ್ಲಿಗೆ ನೋವಿಲ್ಲ. ಮುಳುಗಡೆ ಅರ್ಧಕ್ಕೆ ನಿಂತರೆ ಹಾಗಲ್ಲ.

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಒಂದು ದೊಡ್ಡ ತೀರ್ಮಾನ ತೆಗೆದುಕೊಂಡಿತು. ಮೂರನೆಯ ಹಂತದಲ್ಲಿ ಮುಳುಗುವ 75,563 ಎಕರೆಗೆ ಒಪ್ಪಂದದ ಐತೀರ್ಪು: ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ಎಲ್ಲ ಸೇರಿ ಸುಮಾರು 70 ಸಾವಿರ ಕೋಟಿ ಬೇಕು ಎಂದು ಸರ್ಕಾರವೇ ಹೇಳಿತು. ದರ ಸಾಕೋ ಸಾಲದೋ ಎಂಬ ಚರ್ಚೆ ಇದ್ದೇ ಇರುತ್ತದೆ. ರೈತನ ಜೊತೆ ಕೂತು, ಬೆಲೆ ಮೊದಲೇ ಹೇಳಿ, ಒಪ್ಪಿಗೆ ಪಡೆಯುವ ದಾರಿ ಸರಿಯಾದದ್ದು. ಅರವತ್ತು ವರ್ಷ ತಡವಾಗಿ ಹಿಡಿದ ಸರಿದಾರಿ.

ನನ್ನ ಭಯ ಬೇರೆಯದು. ಈ ಮೊತ್ತ ವರ್ಷವರ್ಷದ ಬಜೆಟ್ಟಿನಲ್ಲಿ ಹನಿಹನಿಯಾಗಿ ಬಂದರೆ, ಒಂದು ಊರಿಗೆ ಹಣ ಮುಟ್ಟಿ ಪಕ್ಕದೂರಿಗೆ ಮುಟ್ಟದಿದ್ದರೆ, ಮತ್ತೆ ಅದೇ ಕಂತು, ಅದೇ ಬಡ್ಡಿ, ಅದೇ ಮೀಟರಿನ ಮಾತು. ಹಾಗಾಗಿ ಸರ್ಕಾರದಲ್ಲಿ ನನ್ನ ಕೋರಿಕೆ ಇಷ್ಟು. ಮುಳುಗುವ ಇಪ್ಪತ್ತು ಹಳ್ಳಿಗಳ ಪೈಕಿ ಯಾವ ಊರಿನ ಎಷ್ಟು ಎಕರೆಗೆ ಹಣ ಸಂದಾಯವಾಯಿತು, ಎಷ್ಟು ಉಳಿಯಿತು, ಉಳಿದದ್ದಕ್ಕೆ ಯಾವ ತಿಂಗಳು ಎಂಬುದನ್ನು ಪ್ರತಿ ಯುಗಾದಿಗೆ ಆಯಾ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸಿ. ಒಂದು ಊರನ್ನು ಮುಟ್ಟಿದರೆ ಅದನ್ನು ಪೂರ್ತಿ ಮುಗಿಸಿಯೇ ಮುಂದಿನ ಊರಿಗೆ ಹೋಗಿ. ಆಲಮಟ್ಟಿಯ ಗೇಟು ಎತ್ತರಿಸುವ ಮಾತು ಆಮೇಲೆ ಬರಲಿ.