ಕೈ ಬಿಟ್ಟರೆ ತಿರುಗದ ಬಂಡಿ

ಬೀದರ್, ಭಾಲ್ಕಿ, ಔರಾದ್ ಕಡೆಯ ಮಕ್ಕಳಿಗೆ ನೀರೆಂದರೆ ಮಾಂಜ್ರಾ ನದಿ, ಕಾರಂಜಾ ಜಲಾಶಯ. ಶಾಲಾ ಪ್ರವಾಸದಲ್ಲಿ ಮಲ್ಪೆಗೋ ಮುರ್ಡೇಶ್ವರಕ್ಕೋ ಹೋದಾಗ ಅವರ ಕಣ್ಣು ಸೆಳೆಯುವುದು ಅಲೆ ಸೀಳಿ ಓಡುವ ಜೆಟ್ ಸ್ಕೀ. (ಕವಾಸಾಕಿ ಕಂಪೆನಿ ತನ್ನ ಯಂತ್ರಕ್ಕಿಟ್ಟ ಹೆಸರಿದು, ಈಗ ಯಾರು ತಯಾರಿಸಿದರೂ ಜೆಟ್ ಸ್ಕೀಯೇ.) ನೋಡಲು ನೀರಿನ ಮೇಲಿನ ಮೋಟಾರ್ ಸೈಕಲ್. ಅಪಾಯ ಇರುವುದೂ ಈ ಹೋಲಿಕೆಯಲ್ಲೇ.

ಈ ಬಂಡಿಗೆ ಚುಕ್ಕಾಣಿಯಿಲ್ಲ. ಎಂಜಿನ್ ತಳದಿಂದ ನೀರು ಹೀರಿ ಹಿಂದಕ್ಕೆ ಚಿಮ್ಮಿಸುತ್ತದೆ. ಹ್ಯಾಂಡಲ್ ತಿರುಗಿಸಿದರೆ ತಿರುಗುವುದು ಆ ನೀರಿನ ಧಾರೆ. ಎದುರಿಗೆ ದೋಣಿ ಬಂತೆಂದು ಗಾಬರಿಯಿಂದ ಎಕ್ಸಲರೇಟರ್ ಬಿಟ್ಟರೆ ಧಾರೆ ನಿಲ್ಲುತ್ತದೆ, ಹ್ಯಾಂಡಲ್ ಕೆಲಸಕ್ಕೆ ಬಾರದು, ಬಂಡಿ ನೇರ ಮುಂದಕ್ಕೇ ಜಾರುತ್ತದೆ. ಹಲವು ಮಾದರಿಗಳಲ್ಲಿ ಬ್ರೇಕೂ ಇಲ್ಲ. ಆದ್ದರಿಂದ ಎಷ್ಟೇ ಹಟ ಮಾಡಿದರೂ ಮಕ್ಕಳ ಕೈಗೆ ಹ್ಯಾಂಡಲ್ ಕೊಡಬಾರದು. ಓಡಿಸುವುದು ತರಬೇತಿ ಪಡೆದ ಚಾಲಕನ ಕೆಲಸ. ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ದಡದಲ್ಲೇ ಬಿಗಿಯಬೇಕು. ಮಾಂಜ್ರಾದಲ್ಲಿ ಈಜು ಕಲಿತವನಿಗೂ ಇದು ತಪ್ಪದು. ಚಾಲಕನ ಮಣಿಕಟ್ಟಿಗೋ ಜಾಕೆಟ್ಟಿಗೋ ಸಿಕ್ಕಿಸಿದ ಸುರುಳಿ ಹಗ್ಗವೊಂದಿರುತ್ತದೆ. ಅವನು ಬಿದ್ದರೆ ಅದು ಸ್ವಿಚ್ಚಿನಿಂದ ಕಳಚಿ ಎಂಜಿನ್ ನಿಲ್ಲುತ್ತದೆ. ಹಗ್ಗ ಸಿಕ್ಕಿಸಿಕೊಳ್ಳದವನ ಹಿಂದೆ ಹತ್ತಲೇಬಾರದು. ಮಳೆಗಾಲದಲ್ಲಿ ಹೋದವರು ದೂರ ನಿಂತು ಕಡಲು ನೋಡಿ ಬರುವುದೇ ಸರಿ. ಆಗ ಕರಾವಳಿಯಲ್ಲಿ ಈ ಆಟ ಬಂದ್.